ಮಿಶ್ರಣದ ಕಾಫಿಯೂ ನಾಲಗೆಯ ಶಿಕ್ಷಣವೂ

ಕಾಫಿಯನ್ನು ಕುಡಿಯುವವರು ಬಹುಮಂದಿ. ತಾವು ಕುಡಿದುದು ಏನೆಂದು ಹೇಳಬಲ್ಲವರು ವಿರಳ. ಸಂಗೀತವನ್ನು ಕೇಳಿ ಆನಂದಿಸುವವನಿಗೂ ರಾಗವನ್ನು ಗುರುತಿಸಬಲ್ಲವನಿಗೂ ಎಷ್ಟು ಅಂತರವುಂಟೋ ಇಲ್ಲಿಯೂ ಅಷ್ಟೇ ಅಂತರವುಂಟು. ಇಟಲಿಯ ಎಸ್ಪ್ರೆಸೊ ಪಾನೀಯದಲ್ಲಿ ಈ ಗುರುತಿಸುವಿಕೆಯು ಇನ್ನೂ ಕಠಿನ. ಏಕೆಂದರೆ ಅದರ ಪುಡಿಯು ಸಾಮಾನ್ಯವಾಗಿ ಹಲವು ನಾಡುಗಳ ಬೀಜಗಳ ಮಿಶ್ರಣವಾಗಿರುವುದು. ಮಿಶ್ರಣದ ಒಂದೊಂದು ಅಂಶವೂ ಯಾವ ಕಾರಣದಿಂದ ಬಟ್ಟಲನ್ನು ಸೇರಿತೆಂಬ ಚರಿತ್ರೆಯನ್ನು ಬಲ್ಲವರಿಗೆ ಅದರ ರುಚಿಯನ್ನು ಬೇರ್ಪಡಿಸುವುದೂ ಸುಲಭವಾಗುವುದು.

1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬವನು ಹಬೆಯ ಬಲದಿಂದ ಕಾಫಿಯನ್ನು ಇಳಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರನು, ಕೇಳಿದವರಿಗೆ ಆಗಿಂದಾಗಲೇ ಒಂದೊಂದು ಬಟ್ಟಲನ್ನು ಇಳಿಸಿಕೊಡುವ ಯಂತ್ರವನ್ನು ರೂಪಿಸಿದನು. ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಅಕಿಲ್ಲೆ ಗಾಜ್ಜಿಯನ ಸನ್ನೆಕೋಲಿನ ಯಂತ್ರವು ಬಂದಿತು. ಅದು ಹಬೆಗೆ ಬದಲಾಗಿ ಬಿಸಿನೀರನ್ನು ವಾಯುಮಂಡಲದ ಎಂಟೊಂಬತ್ತು ಮಡಿ ಒತ್ತಡದಿಂದ ಪುಡಿಯೊಳಗೆ ಹಾಯಿಸಿತು. ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ನಿಂತಿತು. ಅಷ್ಟು ಒತ್ತಡದಲ್ಲಿ ಬೀಜದ ಗುಣದೋಷಗಳೆಲ್ಲವೂ ಪ್ರಬಲವಾಗಿ ಹೊರಬೀಳುವುವು. ಆದುದರಿಂದ ಒಂದರ ಹುಳಿಯನ್ನು ಮತ್ತೊಂದರ ಕಹಿಯಿಂದ ಸರಿದೂಗಿಸುವ ಮಿಶ್ರಣಕಲೆಗೆ ಮಹತ್ತ್ವ ಒದಗಿತು.

ಅಂತಹ ಮಿಶ್ರಣಗಳಲ್ಲಿ ಸೇರುವ ಎರಡು ಬೀಜಗಳ ಕಥೆಯು 1869ನೆಯ ವರ್ಷವನ್ನು ಮುಟ್ಟುವುದು. ಆ ವರ್ಷ ಸಿಂಹಳದ ತೋಟಗಳಲ್ಲಿ ಎಲೆತುಕ್ಕು ರೋಗವು ಕಾಣಿಸಿಕೊಂಡು, ಕ್ರಮೇಣ ಅಲ್ಲಿಯ ಕಾಫಿಯ ಬೇಸಾಯವನ್ನೇ ಹಾಳುಮಾಡಿತು; ದಕ್ಷಿಣ ಭಾರತಕ್ಕೂ ಜಾವಾಕ್ಕೂ ಹಬ್ಬಿತು. ರೋಗವನ್ನು ತಡೆಯಬಲ್ಲ ಗಿಡವನ್ನು ಅರಸುತ್ತಿದ್ದವರಿಗೆ ಆಫ್ರಿಕದ ಕಾಂಗೋ ಪ್ರದೇಶದ ರೊಬಸ್ಟಾ ದೊರೆಯಿತು. ಅರೇಬಿಕದ ಪರಿಮಳ ಇದಕ್ಕಿಲ್ಲ. ಆದರೆ ಕೆಫೀನು ಸುಮಾರು ಇಮ್ಮಡಿ, ಹುಳಿ ಕಡಮೆ, ರಸ ಗಟ್ಟಿ, ನೊರೆ ಬಹಳ ಹೊತ್ತು ನಿಲ್ಲುವಂಥದು. ರೋಗಕ್ಕೆ ಅಂಜಿ ನೆಟ್ಟ ಗಿಡವು ಹೀಗೆ ನೊರೆಗಾಗಿ ಬೇಕಾದ ಬೀಜವಾಯಿತು.

ಅದೇ 1869ರಲ್ಲಿ ಸೂಯೆಜ್ ಕಾಲುವೆಯೂ ತೆರೆಯಿತು. ಅದಕ್ಕೆ ಮುಂಚೆ ಮಲಬಾರ್ ಕರಾವಳಿಯ ಹಾಯಿಹಡಗುಗಳು ಆಫ್ರಿಕದ ದಕ್ಷಿಣದ ತುದಿಯನ್ನು ಬಳಸಿ ಯೂರೋಪನ್ನು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲಿನ ತೇವದಿಂದ ಬೀಜವು ಉಬ್ಬಿ, ಬಿಳಿಚಿ, ಹುಳಿಯನ್ನು ಕಳೆದುಕೊಳ್ಳುತ್ತಿತ್ತು. ಪಯಣವು ಕಿರಿದಾದ ಮೇಲೆ, ಆ ರುಚಿಗೆ ಒಗ್ಗಿದವರಿಗೆ ಹೊಸ ಬೀಜವು ಹಿಡಿಸಲಿಲ್ಲ. ಆಗ ಪಶ್ಚಿಮ ಕರಾವಳಿಯ ಉಗ್ರಾಣಗಳಲ್ಲಿ ಬೀಜವನ್ನು ಹರವಿ ಮುಂಗಾರಿನ ಒದ್ದೆಗಾಳಿಗೆ ಒಡ್ಡುವ ಪದ್ಧತಿಯು ಬೆಳೆಯಿತು. ಮಂಗಳೂರಿನಲ್ಲಿ ಇಂದಿಗೂ ಹೀಗೆ ಸಿದ್ಧವಾಗುವ ‘ಮಾನ್ಸೂನ್ಡ್ ಮಲಬಾರ್’ ಬೀಜವು ಮಿಶ್ರಣಕ್ಕೆ ಮೃದುತ್ವವನ್ನೂ ಮಣ್ಣಿನ ಘಮವನ್ನೂ ಕೊಡುವುದು.

ಮನೆಯಲ್ಲಿ ನಾಲಗೆಯನ್ನು ಪಳಗಿಸುವವರು ಮಿಶ್ರಣದಿಂದ ಆರಂಭಿಸದೆ ಅಂಶಗಳಿಂದ ಆರಂಭಿಸುವುದು ಲೇಸು. ಅರೇಬಿಕ, ರೊಬಸ್ಟಾ, ಮುಂಗಾರಿಗೆ ಒಡ್ಡಿದ ಬೀಜ, ಈ ಮೂರನ್ನೂ ಬೇರೆಬೇರೆಯಾಗಿ ತರಿಯಾಗಿ ಪುಡಿಮಾಡಿ, 8 ಗ್ರಾಂ ಪುಡಿಗೆ 150 ಮಿಲಿಲೀಟರಿನಂತೆ ಕುದಿ ಇಳಿದ ನೀರನ್ನು ಹೊಯ್ಯಬೇಕು. 4 ನಿಮಿಷಗಳ ತರುವಾಯ ಮೇಲೆ ಕಟ್ಟಿದ ಪುಡಿಯನ್ನು ಚಮಚದಿಂದ ಸರಿಸಿ ಪರಿಮಳವನ್ನು ನೋಡಬೇಕು. ತಿಳಿಯನ್ನು ಚಮಚದಲ್ಲಿ ತೆಗೆದು ಸುರ್ರೆಂದು ಹೀರಬೇಕು. ವ್ಯಾಪಾರದ ಪರೀಕ್ಷಕರ ಕ್ರಮವೂ ಇದೇ. ಆರಿದಂತೆಲ್ಲ ಹುಳಿಯೂ ದೋಷಗಳೂ ಸ್ಪಷ್ಟವಾಗುವುದರಿಂದ ಮತ್ತೊಮ್ಮೆ ನೋಡುವುದು ಅವಶ್ಯಕ. ಅನಂತರ ನಾಲ್ಕು ಭಾಗ ಅರೇಬಿಕಕ್ಕೆ ಒಂದು ಭಾಗ ರೊಬಸ್ಟಾ ಬೆರೆಸಿ ಹೋಲಿಸಬಹುದು. ಯಂತ್ರವುಳ್ಳ ಮನೆಗಳಲ್ಲಿ ಅದನ್ನೇ ಎಸ್ಪ್ರೆಸೊವಾಗಿ ಇಳಿಸಬಹುದು. ಮನೆಯವರೊಬ್ಬರು ಎರಡು ಬಟ್ಟಲುಗಳಿಗೆ ಒಂದೇ ಕಾಫಿಯನ್ನೂ ಮೂರನೆಯದಕ್ಕೆ ಬೇರೊಂದನ್ನೂ ಗುಟ್ಟಾಗಿ ತುಂಬಿಡಲಿ. ಬೇರೆಯಾದುದನ್ನು ಹಲವು ಸಲ ತಪ್ಪದೆ ಹೇಳಬಲ್ಲ ನಾಲಗೆಯು ಪಳಗಿತೆನ್ನಬಹುದು.

ಈ ಶ್ರಮವು ವ್ಯರ್ಥವಲ್ಲ. ಕನ್ನಡನಾಡಿನ ಮನೆಗಳ ಪುಡಿಯಲ್ಲಿ ಚಿಕೋರಿಯೆಂಬ ಬೇರಿನ ಪುಡಿಯೂ ಅನೇಕವೇಳೆ ಬೆರೆತಿರುವುದು. ಅಂತಹ ಪುಡಿಯಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಮೆಯಾಗಬಾರದೆಂಬುದು ಭಾರತದ ಆಹಾರ ನಿಯಮ; ಎಂದರೆ ಉಳಿದ 49 ಭಾಗ ಕಾಫಿಯಲ್ಲದಿರಲು ಅವಕಾಶವುಂಟು. ಅದನ್ನು ಮೆಚ್ಚಿ ಕುಡಿಯುವುದು ದೋಷವಲ್ಲ. ಚಿಕೋರಿಯ ಗಟ್ಟಿತನವನ್ನೇ ಕಾಫಿಯ ಗುಣವೆಂದೆಣಿಸುವುದು ಮಾತ್ರ ಅಜ್ಞಾನ. ಇಟಲಿಯು ಭಾರತದ ಕಾಫಿಯನ್ನು ಹೇರಳವಾಗಿ ಕೊಳ್ಳುವ ದೇಶ. ಅಲ್ಲಿಯವರು ರುಚಿ ನೋಡಿ ಆರಿಸಿಕೊಳ್ಳುವ ಬೀಜದ ಗುಣವನ್ನು, ಅದು ಬೆಳೆಯುವ ಕೊಡಗು, ಚಿಕ್ಕಮಗಳೂರುಗಳ ನಾಡಿನವರೂ ತಮ್ಮ ನಾಲಗೆಯಿಂದಲೇ ಅರಿತಿರುವುದು ಯುಕ್ತವಾದುದು.