ಕೇರಿಯಿಂದ ಕಂಡ ಊರು: ಸಿ. ಪಾರ್ವತಮ್ಮನವರ ಸಮಾಜಶಾಸ್ತ್ರ ಸಾಧನೆ

ಕನ್ನಡ ನಾಡಿನ ಹಳ್ಳಿಗಳನ್ನು ಕುರಿತು ಸಮಾಜಶಾಸ್ತ್ರಜ್ಞರು ರಚಿಸಿದ ಗ್ರಂಥಗಳಿಗೆ ಕೊರತೆಯಿಲ್ಲ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1950ರ ದಶಕದಲ್ಲಿ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಭ್ಯಸಿಸಿ, ಕಾಲುವೆಯ ನೀರು ಗ್ರಾಮಜೀವನವನ್ನು ಹೇಗೆ ಮಾರ್ಪಡಿಸಿತೆಂಬುದನ್ನು ವಿವರಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1960ರಲ್ಲಿ ತೌಲನಿಕ ಸಮಾಜಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಯನ್ನು ಹೊರಡಿಸಿದ ಕೆ. ಈಶ್ವರನ್ ಅವರು 1968ರಲ್ಲಿ ‘ಶಿವಾಪುರ’ ಎಂಬ ಗ್ರಾಮಾಧ್ಯಯನವನ್ನು ಪ್ರಕಟಿಸಿದರು. ಇವೆಲ್ಲವೂ ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದ ಕೃತಿಗಳು.

ಆದರೆ ಈ ಬಗೆಯ ಕೃತಿಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವಶ್ಯ. ಸಂಶೋಧಕನು ಹಳ್ಳಿಯ ಯಾವ ತುದಿಯಲ್ಲಿ ನಿಂತು ಹಳ್ಳಿಯನ್ನು ಕಂಡನು? ನಮ್ಮ ಭಾಷೆಯಲ್ಲಿ ‘ಊರು’ ಎಂಬುದು ಒಂದು, ‘ಕೇರಿ’ ಎಂಬುದು ಇನ್ನೊಂದು. ಇವೆರಡರ ನಡುವಿನ ಅಂತರ ಕೆಲವೇ ಮಾರುಗಳಿದ್ದರೂ, ಬಾವಿ, ಗುಡಿ, ಚಾವಡಿ ಎಲ್ಲವೂ ಆ ಅಂತರವನ್ನು ಅನುಸರಿಸಿಯೇ ನಿಂತಿರುತ್ತವೆ. ಈ ಪ್ರಶ್ನೆಯನ್ನು ಕರ್ನಾಟಕದ ಸಮಾಜಶಾಸ್ತ್ರದಲ್ಲಿ ಅಳುಕದೆ ಎತ್ತಿದವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸಿ. ಪಾರ್ವತಮ್ಮನವರು. 2006ರಲ್ಲಿ ನಿಧನ ಹೊಂದಿದ ಈ ವಿದುಷಿಯ ಸಾಧನೆಯನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ದಲಿತ ಸಮುದಾಯದಲ್ಲಿ ಜನಿಸಿದ ಪಾರ್ವತಮ್ಮನವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅಲ್ಲಿಯ ಸಾಮಾಜಿಕ ಮಾನವಶಾಸ್ತ್ರ ವಿಭಾಗವನ್ನು 1949ರಲ್ಲಿ ಕಟ್ಟಿದವರು ಮ್ಯಾಕ್ಸ್ ಗ್ಲಕ್‌ಮನ್. ಗ್ಲಕ್‌ಮನ್ನರ ಹುಟ್ಟೂರು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್. 1938ರಲ್ಲಿ ಜುಲು ಸೀಮೆಯಲ್ಲಿ ಸೇತುವೆಯೊಂದರ ಉದ್ಘಾಟನೆ ನಡೆದಾಗ ಬಿಳಿಯರೂ ಕರಿಯರೂ ಬೇರೆಬೇರೆಯಾಗಿ ನೆರೆದು, ಬೇರೆಬೇರೆಯಾಗಿ ಉಂಡುದನ್ನು ಅವರು ಕಣ್ಣಾರೆ ಕಂಡಿದ್ದರು. ಅದನ್ನು ವಿಶ್ಲೇಷಿಸಿ 1940ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಇಷ್ಟೆ: ಬೇರೆಬೇರೆಯಾಗಿ ನಿಂತ ಆ ಎರಡು ಗುಂಪುಗಳು ಎರಡು ಸಮಾಜಗಳಲ್ಲ, ಒಂದೇ ಸಮಾಜ. ದೂರವಿರಿಸುವುದೂ ಒಂದು ಬಗೆಯ ಸಂಬಂಧವೇ. ವರ್ಣಭೇದದ ನೆಲದಲ್ಲಿ ಹುಟ್ಟಿದ ಈ ವಿಚಾರವು ಊರು-ಕೇರಿಗಳ ಪರಿಶೀಲನೆಗೆ ಎಷ್ಟು ಸಮರ್ಪಕವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರಿಯು ಊರಿನ ಹೊರಗಿದ್ದರೂ ಊರಿನ ವ್ಯವಸ್ಥೆಯ ಒಳಗೇ ಇದೆ. ಕೇರಿಯ ದುಡಿಮೆಯಿಲ್ಲದೆ ಊರಿನ ಸುಗ್ಗಿ ಸಾಗದು.

ಪಾರ್ವತಮ್ಮನವರು 1971ರಲ್ಲಿ ‘ರಾಜಕೀಯ ಮತ್ತು ಧರ್ಮ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಆಗಿನ ಮೈಸೂರು ರಾಜ್ಯದ ಒಂದು ಹಳ್ಳಿಯ ಸಾಮಾಜಿಕ ಹಾಗೂ ರಾಜಕೀಯ ಸಂಬಂಧಗಳನ್ನು ಇತಿಹಾಸದ ಬೆಳಕಿನಲ್ಲಿ ನೋಡುವ ಪ್ರಯತ್ನ ಅದು. ಮರುವರ್ಷ ವೀರಶೈವವನ್ನು ಕುರಿತ ಅವರ ಸಮಾಜಶಾಸ್ತ್ರೀಯ ಪ್ರಬಂಧಗಳ ಸಂಕಲನ ಹೊರಬಂದಿತು. ಹನ್ನೆರಡನೆಯ ಶತಮಾನದಲ್ಲಿ ಸಮತೆಯನ್ನು ಸಾರಿದ ಧರ್ಮವೊಂದು ಕಾಲಾಂತರದಲ್ಲಿ ಜಾತಿಗಳ ನಡುವೆ ಬಾಳಬೇಕಾಗಿ ಬಂದಾಗ ಆಗುವುದೇನು ಎಂಬುದು ನಮ್ಮ ಭಾಗದ ಓದುಗರಿಗೆ ದೂರದ ವಿಷಯವಲ್ಲ.

ಅವರ ಹೆಸರನ್ನು ದೇಶದಾದ್ಯಂತ ಚರ್ಚೆಗೆ ತಂದುದು ಮಾತ್ರ ಒಂದು ವಿಮರ್ಶೆ. ಶ್ರೀನಿವಾಸರ ಕ್ಷೇತ್ರಟಿಪ್ಪಣಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕಿದವು. ಅವರು ಧೃತಿಗೆಡದೆ, ಬಹುಮಟ್ಟಿಗೆ ನೆನಪನ್ನೇ ಆಧರಿಸಿ, 1976ರಲ್ಲಿ ‘ನೆನಪಿನ ಹಳ್ಳಿ’ಯನ್ನು ಪ್ರಕಟಿಸಿದರು. ಕೃತಿಗೆ ಅಪಾರ ಪ್ರಶಂಸೆ ದೊರೆಯಿತು. ಭಾರತೀಯ ಸಮಾಜಶಾಸ್ತ್ರದ ಪ್ರಮುಖ ಪತ್ರಿಕೆಯೊಂದು 1978ರಲ್ಲಿ ಈ ಕೃತಿಯ ಪರಿಶೀಲನೆಗೆಂದೇ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಆ ಸಂಚಿಕೆಯಲ್ಲಿ ಪಾರ್ವತಮ್ಮನವರು ಬರೆದ ಲೇಖನವು ಈ ಗ್ರಂಥವನ್ನು ಬ್ರಾಹ್ಮಣ ದೃಷ್ಟಿಯ ಒಂದು ಯಾತ್ರೆಯೆಂದು ತನ್ನ ಶೀರ್ಷಿಕೆಯಲ್ಲಿಯೇ ಹೆಸರಿಸಿತು. ಮೇಲುಜಾತಿಯವರ ಬೀದಿಯಿಂದ ಕಂಡ ಹಳ್ಳಿಯು ಇಡಿಯ ಹಳ್ಳಿಯೆನಿಸದು, ಎಂಬುದು ಅದರ ವಾದದ ತಿರುಳು.

ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ತಾವು ಯಾರ ಆಶ್ರಯದಲ್ಲಿ ಇದ್ದೆವು, ಯಾರೊಡನೆ ಹೆಚ್ಚು ಬೆರೆತೆವು ಎಂಬುದನ್ನು ಶ್ರೀನಿವಾಸರು ಮುಚ್ಚಿಟ್ಟವರಲ್ಲ. ಹಳ್ಳಿಯ ಗೌಡಿಕೆಯ ಸ್ನೇಹವನ್ನು ಪಡೆದ ಹೊರಗಿನವನು ಕೇರಿಯಲ್ಲಿ ಅಷ್ಟೇ ಸಲುಗೆಯಿಂದ ಓಡಾಡುವುದು 1948ರಲ್ಲಿ ಸುಲಭವಾಗಿರಲಿಲ್ಲ. ಆದರೆ ಲೇಖಕರ ಪ್ರಾಮಾಣಿಕತೆಯು ಕೃತಿಯಲ್ಲಿ ಉಳಿದ ತೆರವನ್ನು ತುಂಬಲಾರದು. ಪ್ರಬಲ ಜಾತಿ, ಸಂಸ್ಕೃತೀಕರಣ ಎಂಬ ಶ್ರೀನಿವಾಸರ ಪರಿಕಲ್ಪನೆಗಳು ಮೇಲೇರುವವರ ಚಲನೆಯನ್ನು ಚೆನ್ನಾಗಿ ತೋರಿಸಿಕೊಟ್ಟವು. ಏರಲು ಮೆಟ್ಟಿಲನ್ನೇ ಕೊಡದೆ ಇರಿಸಲ್ಪಟ್ಟವರ ಸ್ಥಿತಿಯನ್ನು ಅವು ಅಷ್ಟು ಚೆನ್ನಾಗಿ ತೋರಿಸಲಿಲ್ಲ.

ಕೇರಿಯಲ್ಲಿ ಜನಿಸಿದವರ ದೃಷ್ಟಿಯೂ ಪಕ್ಷಪಾತದ್ದಾಗಬಾರದೇಕೆ ಎಂದು ಕೇಳುವವರುಂಟು. ಆಗಬಹುದು. ಆದರೆ ಊರಿನ ದೃಷ್ಟಿಯನ್ನು ಶಾಸ್ತ್ರವೆಂದೂ ಕೇರಿಯ ದೃಷ್ಟಿಯನ್ನು ಪಕ್ಷಪಾತವೆಂದೂ ಮೊದಲೇ ವಿಂಗಡಿಸುವುದು ಯಾವ ಶಾಸ್ತ್ರ? ಪಾರ್ವತಮ್ಮನವರು ಈ ಆಕ್ಷೇಪಕ್ಕೆ ಕೊಟ್ಟ ಉತ್ತರವನ್ನು ಅವರ ಮುಂದಿನ ಕೃತಿಗಳಲ್ಲಿ ಕಾಣಬೇಕು. 1984ರಲ್ಲಿ ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ಸಾಮಾಜಿಕ-ಆರ್ಥಿಕ ಸಮೀಕ್ಷೆಯೂ, 1987ರಲ್ಲಿ ಸಹಲೇಖಕರೊಡನೆ ಗ್ರಾಮೀಣ ಬಡವರ ವಸತಿಯನ್ನು ಕುರಿತ ಅಧ್ಯಯನವೂ, 1989ರಲ್ಲಿ ಪರಿಶಿಷ್ಟ ಜಾತಿಗಳು ತಲುಪಿರುವ ಕವಲುದಾರಿಯನ್ನು ಕುರಿತ ಗ್ರಂಥವೂ ಹೊರಬಂದವು. ನೋವನ್ನು ಬಲ್ಲವರು ನೋವನ್ನಷ್ಟೇ ಬರೆದು ನಿಲ್ಲಿಸಲಿಲ್ಲ. ಸಮೀಕ್ಷೆಯ ಶ್ರಮವನ್ನೂ ಕೈಗೊಂಡರು.

ಈ ಮಾರ್ಗಕ್ಕೆ ಹೊರನಾಡಿನಲ್ಲಿಯೂ ಪೂರ್ವನಿದರ್ಶನವಿದೆ. ಅಮೆರಿಕದ ಕರಿಯ ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡ್ಯೂಬಾಯ್ಸ್ ಅವರು ಫಿಲಡೆಲ್ಫಿಯ ನಗರದ ತಮ್ಮ ಜನರ ವಸತಿಯಲ್ಲಿ ಮನೆಮನೆಗೆ ಹೋಗಿ ವಿವರ ಕಲೆಹಾಕಿ 1899ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಜನರ ದುಃಸ್ಥಿತಿಗೆ ಅವರ ಜನಾಂಗವೇ ಕಾರಣವೆಂಬ ಅಂದಿನ ನಂಬಿಕೆಯನ್ನು ಆ ಕೃತಿ ಅಲುಗಿಸಿತು. ಡಾ. ಅಂಬೇಡ್ಕರರು 1946ರಲ್ಲಿ ಡ್ಯೂಬಾಯ್ಸರಿಗೆ ಪತ್ರ ಬರೆದು, ಅಮೆರಿಕದ ಕರಿಯರ ಹಾಗೂ ಭಾರತದ ಅಸ್ಪೃಶ್ಯರ ಸ್ಥಿತಿಗತಿಗಳ ಸಾಮ್ಯವನ್ನು ಎತ್ತಿ ಹೇಳಿದುದು ಇತಿಹಾಸದ ಸಂಗತಿ. ಜಾತಿಯೂ ಜನಾಂಗವೂ ಒಂದೇ ಅಲ್ಲ. 2001ರ ಡರ್ಬನ್ ಸಮ್ಮೇಳನದ ಸಂದರ್ಭದಲ್ಲಿ ಆಂದ್ರೆ ಬೆತೆಯ್ ಮೊದಲಾದ ವಿದ್ವಾಂಸರು ಈ ಭೇದವನ್ನು ಒತ್ತಿ ಹೇಳಿದರು. ಆದರೆ ಹುಟ್ಟಿನಿಂದಲೇ ಮನುಷ್ಯನ ಸ್ಥಾನವನ್ನು ಗೊತ್ತುಮಾಡುವ ಕ್ರಮ ಎರಡರಲ್ಲಿಯೂ ಇದೆ.

ಈ ಎರಡೂ ಸೇರಿದ ಉದಾಹರಣೆ ಧಾರವಾಡಕ್ಕೆ ತೀರ ಸಮೀಪದಲ್ಲಿದೆ. ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನ ಸಿದ್ದಿಗಳು ಆಫ್ರಿಕ ಮೂಲದವರು. ಕನ್ನಡ, ಕೊಂಕಣಿಗಳನ್ನಾಡುತ್ತ ತಲೆಮಾರುಗಳಿಂದ ಇಲ್ಲಿಯವರೇ ಆಗಿದ್ದರೂ ಮೈಬಣ್ಣ ಮತ್ತು ಗುಂಗುರು ಕೂದಲಿನ ಕಾರಣದಿಂದ ಪರಕೀಯರಂತೆ ಕಾಣಲ್ಪಟ್ಟವರು. ಟಿ. ಸಿ. ಪಾಲಾಕ್ಷಪ್ಪನವರು ಇವರನ್ನು ಕುರಿತ ಅಧ್ಯಯನಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ 2020ರಲ್ಲಿ. ಪುಸ್ತಕದಿಂದ ಮೊದಲ ಮಾನ್ಯತೆಗೇ 27 ವರ್ಷ ಹಿಡಿಯಿತು. ಅಧ್ಯಯನವೊಂದರಿಂದಲೇ ನ್ಯಾಯ ದೊರೆಯುವುದಿಲ್ಲ. ಆದರೆ ದಾಖಲೆಗೆ ಸೇರದ ಜನರ ಬೇಡಿಕೆಗೆ ಆಧಾರ ಹುಡುಕುವುದು ಇನ್ನೂ ಕಷ್ಟ.

ಆದುದರಿಂದ ಪಾರ್ವತಮ್ಮನವರ ಸಾಧನೆಯನ್ನು ಒಬ್ಬ ವಿದ್ವಾಂಸರೊಡನೆ ನಡೆದ ವಾಗ್ವಾದವೆಂದು ಮಾತ್ರ ಎಣಿಸುವುದು ಸರಿಯಲ್ಲ. ಅದು ಸಂಶೋಧನೆಯ ವಿಧಾನಕ್ಕೆ ಸಂಬಂಧಿಸಿದ ಪಾಠ. ನವಲಗುಂದ, ಕುಂದಗೋಳಗಳ ಹಳ್ಳಿಗೆ ಪ್ರಶ್ನಾವಳಿ ಹಿಡಿದು ಹೊರಡುವ ನಮ್ಮ ವಿದ್ಯಾರ್ಥಿಯು ಬಸ್ಸಿಳಿದೊಡನೆ ಸಾಮಾನ್ಯವಾಗಿ ಪಂಚಾಯಿತಿ ಕಟ್ಟೆಗೆ ಹೋಗುತ್ತಾನೆ. ಯಾರು ಚಹ ಕೊಡುತ್ತಾರೋ ಅವರಿಂದಲೇ ಊರಿನ ವೃತ್ತಾಂತವನ್ನು ಕೇಳುತ್ತಾನೆ. ಅದು ತಪ್ಪಲ್ಲ. ಆದರೆ ಕೇರಿಯವರೆಗೂ ನಡೆದುಹೋಗಿ ಅಲ್ಲಿಯ ಚಹವನ್ನೂ ಕುಡಿದು ಬಂದ ಮೇಲೆಯೇ ಆ ವೃತ್ತಾಂತವನ್ನು ಬರೆಯತೊಡಗುವುದು ಒಳ್ಳೆಯದು.