ಅರೆ ಸ್ವಯಂಚಾಲಿತ ಜೀವರಸಾಯನ ವಿಶ್ಲೇಷಕ

ರಕ್ತದ ಸೀರಮ್‌ನಲ್ಲಿರುವ ಗ್ಲೂಕೋಸ್, ಯೂರಿಯಾ, ಕ್ರಿಯಾಟಿನಿನ್, ಕೊಲೆಸ್ಟರಾಲ್ ಮುಂತಾದವನ್ನು ಬೆಳಕಿನ ನೆರವಿನಿಂದ ಅಳೆಯುವ, ಮೇಜಿನ ಮೇಲೆ ಕೂರುವ ಯಂತ್ರ. ಸಣ್ಣ ಲ್ಯಾಬ್‌ಗಳ ಆಧಾರ. ‘ಅರೆ’ ಏಕೆಂದರೆ ಕೈಕೆಲಸವೆಲ್ಲ ಟೆಕ್ನಿಷಿಯನ್ನರದೇ. ಗ್ಲೂಕೋಸ್‌ಗಾದರೆ ಸಾಮಾನ್ಯವಾಗಿ 10 ಮೈಕ್ರೋಲೀಟರ್ ಸೀರಮ್ಮನ್ನು ಪಿಪೆಟ್‌ನಿಂದ 1 ಮಿ.ಲೀ. ರೀಏಜೆಂಟ್‌ಗೆ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ನಿಮಿಷ ಇಡುತ್ತಾರೆ. ದ್ರಾವಣ ಗುಲಾಬಿಗೆ ತಿರುಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಯಂತ್ರ ಅದನ್ನು ತೆಳು ಕೊಳವೆಯಲ್ಲಿ ಫ್ಲೋ ಸೆಲ್ ಎಂಬ ಅಳತೆಯ ಪುಟ್ಟ ಕೋಶಕ್ಕೆ ಎಳೆದುಕೊಂಡು, 505 ನ್ಯಾನೋಮೀಟರ್ ಬೆಳಕನ್ನು ದ್ರಾವಣ ಎಷ್ಟು ಹೀರಿತೆಂದು ನೋಡಿ, ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಕ್ಕೆ ಹೋಲಿಸಿ ಲೆಕ್ಕ ಕೊಡುತ್ತದೆ. ಎಸ್‌ಜಿಪಿಟಿಯಂಥ ಕಿಣ್ವಗಳಿಗೆ 340 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆಯಲ್ಲಾಗುವ ನಿಮಿಷ ನಿಮಿಷದ ಇಳಿಕೆಯೇ ಅಳತೆ. ತಪ್ಪು ಬಂದಾಗ ಮೊದಲು ಅನುಮಾನಿಸಬೇಕಾದ್ದು ಯಂತ್ರವನ್ನಲ್ಲ, ಪಿಪೆಟ್ ಹಿಡಿದ ಕೈಯನ್ನು. ಹಾಗೆಯೇ ಫ್ಲೋ ಸೆಲ್‌ನಲ್ಲಿ ಕೂತ ಒಂದು ಗಾಳಿಗುಳ್ಳೆಯೂ ಸಾಕು, ಅಂಕಿ ಕೆಡಲು.