ಗೊಂಬೆಯ ಬೆನ್ನಿನ ಬರಹ

ನವರಾತ್ರಿಯ ಪಾಡ್ಯದ ದಿನ ಗುಬ್ಬಿಯ ಅಜ್ಜಿಯ ಮನೆಯಲ್ಲಿ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಯುತ್ತಿತ್ತು. ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಮೇಲಿನ ಹಂತಕ್ಕೆ ಪಟ್ಟದ ಗೊಂಬೆಗಳು, ಅದರ ಕೆಳಗೆ ಚನ್ನಪಟ್ಟಣದ ಅರಗಿನ ಗೊಂಬೆಗಳು, ಇನ್ನೂ ಕೆಳಗೆ ಮಣ್ಣಿನ ಶೆಟ್ಟಿ, ಶೆಟ್ಟಮ್ಮ. ಮೂಲೆಯಲ್ಲಿ ಗೇಣುದ್ದದ ಒಬ್ಬ ಪಿಂಗಾಣಿ ಹುಡುಗಿ. ಕೆಂಪು ಕೆನ್ನೆ, ನೀಲಿ ಕಣ್ಣು. ಇಂಗ್ಲೆಂಡಿನವಳೆಂದೇ ನಂಬಿ ನಾವು ಅವಳನ್ನು ‘ದೊರೆಸಾನಿ’ ಎನ್ನುತ್ತಿದ್ದೆವು. ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷಕ್ಕೆ ಅಜ್ಜಿ ರೈಲಿನಲ್ಲಿ ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆಯಲ್ಲಿ ಕೊಂಡದ್ದಂತೆ.

ಆ ದೊರೆಸಾನಿಯನ್ನು ಒಡೆದವಳು ನಾನೇ. ಕುಣಿಗಲಿನಿಂದ ದಸರಾ ರಜೆಗೆ ಹೋಗಿದ್ದೆ, ಎಂಟು ವರ್ಷವಿರಬಹುದು. ಕೈಜಾರಿ ಕತ್ತು ಮುರಿಯಿತು. ಅಜ್ಜಿ ಬೈಯಲಿಲ್ಲ. ಅರಗು ಕಾಯಿಸಿ ಅಂಟಿಸಿ, ಬಿರುಕು ಕಾಣದಂತೆ ಕೊರಳಿಗೆ ಒಂದೆಳೆ ಕರಿಮಣಿ ಕಟ್ಟಿ, “ಹೋಗಲಿ, ದೊರೆಸಾನಿಗೂ ಮದುವೆಯಾಯಿತು” ಎಂದರು.

ಅಂದು ಅವಳ ಒಳಗನ್ನು ನೋಡಿದ್ದೆ. ಸೀಮೆಸುಣ್ಣದಂತೆ ಬಿಳುಪು, ಬರೀ ಟೊಳ್ಳು. ನಮ್ಮೂರಿನ ಮಡಕೆ ಒಡೆದರೆ ಒಳಗೂ ಕೆಂಪು. ಕೆರೆಮಣ್ಣಿನ ಕಬ್ಬಿಣದ ಅಂಶ ಬೆಂಕಿಯಲ್ಲಿ ಕೆಂಪಾಗುತ್ತದೆ. ಪಿಂಗಾಣಿಗೆ ಬಿಳಿ ಜೇಡಿ ಬೇಕು. ಅದನ್ನು ನೀರಿನಲ್ಲಿ ಕದಡಿ ಪ್ಲಾಸ್ಟರಿನ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರು ಹೀರಿ ಅಂಚಿನಲ್ಲಿ ಪದರ ಕಟ್ಟಿದ ಮೇಲೆ ಉಳಿದದ್ದನ್ನು ಚೆಲ್ಲುತ್ತಾರೆ. ಅದಕ್ಕೇ ಟೊಳ್ಳು. ಸುಟ್ಟ ಮೇಲೆ ಗಾಜಿನ ಮೆರುಗು ಕೊಡದೆ ಬಿಟ್ಟರೆ ಮೈ ಚರ್ಮದಂತೆ ಕಾಣುತ್ತದೆ. ಇದಕ್ಕೆ ಬಿಸ್ಕ್ ಎಂದು ಹೆಸರು.

ಅಜ್ಜಿ ತೀರಿಕೊಂಡ ಮೇಲೆ ಪಾಲಿನ ಹೊತ್ತಿಗೆ ಬೆಳ್ಳಿ, ಹಿತ್ತಾಳೆಗಾಗಿ ಮಾತು ಬೆಳೆಯಿತು. ಗೊಂಬೆಯ ಪೆಟ್ಟಿಗೆ ಯಾರಿಗೂ ಬೇಕಿರಲಿಲ್ಲ. ನಾನು ತುಮಕೂರಿಗೆ ತಂದೆ. ಧೂಳು ಒರೆಸುವಾಗ ದೊರೆಸಾನಿಯ ಬೆನ್ನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು: ‘ಮೇಡ್ ಇನ್ ಆಕ್ಯುಪೈಡ್ ಜಪಾನ್’. ಅಂದರೆ, ಪರರ ವಶದಲ್ಲಿರುವ ಜಪಾನಿನಲ್ಲಿ ತಯಾರಾದದ್ದು!

ಹಳೆಯ ಪಿಂಗಾಣಿ ಕೂಡಿಹಾಕುವ ಅಮೆರಿಕನ್ನರು ಮೊದಲು ಅದರ ತಳ ನೋಡುತ್ತಾರೆ. ಮರಿಯಾ ಲಾಂಗ್‌ವರ್ತ್ ನಿಕೋಲ್ಸ್ ಎಂಬ ಹೆಣ್ಣುಮಗಳು 1880ರಲ್ಲಿ ಸಿನ್ಸಿನಾಟಿಯಲ್ಲಿ ಕಟ್ಟಿದ ರೂಕ್‌ವುಡ್ ಕಾರ್ಖಾನೆಯವರು 1886ರ ಬಳಿಕ ತಮ್ಮ ಮುದ್ರೆಗೆ ವರ್ಷಕ್ಕೊಂದು ಜ್ವಾಲೆ ಸೇರಿಸುತ್ತ ಹೋದರು. 1900ಕ್ಕೆ ಜ್ವಾಲೆಗಳು ಹದಿನಾಲ್ಕಾದವು. ಅವನ್ನು ಎಣಿಸಿದರೆ ಹೂದಾನಿಯ ವಯಸ್ಸು ತಿಳಿಯುತ್ತದೆ. ಗೊಂಬೆಗಳ ಮುದ್ರೆಯಲ್ಲಿ ಯುದ್ಧಗಳೇ ಇವೆ. ಬಿಸ್ಕ್ ಗೊಂಬೆಗಳ ತವರು ಜರ್ಮನಿ. 1914ರ ಮಹಾಯುದ್ಧದಿಂದ ಅಲ್ಲಿನ ಸರಕು ನಿಂತಾಗ ಜಪಾನ್ ಆ ಜಾಗಕ್ಕೆ ಬಂತು. ಅಮೆರಿಕದಲ್ಲೂ ನ್ಯೂಜೆರ್ಸಿಯ ಫುಲ್ಪರ್ ಕಾರ್ಖಾನೆ ಹೂದಾನಿಗಳ ಜೊತೆಗೆ ಕೆಲವು ವರ್ಷ ಗೊಂಬೆಯ ತಲೆಗಳನ್ನು ಸುಟ್ಟಿತು. ಮತ್ತೊಂದು ಮಹಾಯುದ್ಧದಲ್ಲಿ, 1945ರಲ್ಲಿ, ಜಪಾನ್ ಸೋತಿತು. 1952ರವರೆಗೆ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಆ ಕಾಲದಲ್ಲಿ ಹೊರದೇಶಕ್ಕೆ ಹೋದ ಎಷ್ಟೋ ಸರಕಿನ ಮೇಲೆ ಆ ಸೋಲನ್ನು ತಾನೇ ಬರೆದು ಕಳಿಸಬೇಕಾಯಿತು.

ದೊರೆಸಾನಿ ಎಂದುಕೊಂಡವಳು ದೊರೆಗಳ ಕೈಕೆಳಗಿನ ನಾಡಿನವಳು. ಆಗತಾನೇ ಬಿಡುಗಡೆಯಾದ ನಾಡಿನ ಗುಬ್ಬಿಯ ಹಜಾರದಲ್ಲಿ, ಬಿಡುಗಡೆ ಕಳೆದುಕೊಂಡ ನಾಡಿನ ಗೊಂಬೆ ಆರತಿ ಮಾಡಿಸಿಕೊಳ್ಳುತ್ತಿತ್ತು. ಇಂಗ್ಲಿಷ್ ಬಾರದ ಅಜ್ಜಿಗೆ ಅದು ಗೊತ್ತಿರಲಿಲ್ಲ. ಇತಿಹಾಸ ಓದಿ ಬಿ.ಎ. ಮಾಡಿದ ನಾನೂ ಬೆನ್ನು ತಿರುಗಿಸಿ ನೋಡಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಪಾಠದ ದಿನ ಅವಳನ್ನು ಶಾಲೆಗೆ ಒಯ್ದಿದ್ದೆ. ಮಕ್ಕಳು ಸರದಿಯಲ್ಲಿ ಬೆನ್ನು ಓದಿದರು. ಒಬ್ಬ ಹುಡುಗಿ, “ಇದನ್ನು ಬರೆದವರು ಗೊಂಬೆ ಮಾಡಿದವರೇ ಅಲ್ಲವೇ ಮಿಸ್? ಅವರಿಗೆ ಹೇಗನ್ನಿಸಿರಬೇಕು?” ಎಂದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಾನೂ ಸುಮ್ಮನಾದೆ.

ಹಳೆಯ ವಸ್ತು ಕೊಳ್ಳುವವರೊಬ್ಬರು, ಬಿರುಕಿಲ್ಲದಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು ಎಂದರು. ಇರಲಿ. ಪ್ರತಿ ನವರಾತ್ರಿಗೂ ಅವಳು ಪೆಟ್ಟಿಗೆಯಿಂದ ಇಳಿಯುತ್ತಾಳೆ. ಅಜ್ಜಿ ಕಟ್ಟಿದ ಕರಿಮಣಿಯನ್ನು ನಾನು ಬಿಚ್ಚಿಲ್ಲ.